ಬ್ಯಾಕ್ಟೀರಿಯ ಮೆನಿಂಜೈಟಿಸ್ ಕಣ್ಗಾವಲು

ಬ್ಯಾಕ್ಟೀರಿಯ ಮೆನಿಂಜೈಟಿಸ್ ಕಣ್ಗಾವಲು: ಮಿದುಳು ಮತ್ತು ಬೆನ್ನುಹುರಿಯ ಪೊರೆಗಳಿಗೆ ಬ್ಯಾಕ್ಟೀರಿಯದಿಂದ ತಗಲುವ ಉರಿಯೂತ ಎಲ್ಲಿ, ಎಷ್ಟು ಜನರಲ್ಲಿ ಕಾಣಿಸಿಕೊಳ್ಳುತ್ತಿದೆ ಎಂದು ನಿರಂತರವಾಗಿ ಲೆಕ್ಕವಿಡುವ ಸಾರ್ವಜನಿಕ ಆರೋಗ್ಯ ವ್ಯವಸ್ಥೆ. ಇದರ ಉಪಯೋಗ ಎದ್ದು ಕಾಣುವುದು ಆಫ್ರಿಕದಲ್ಲಿ.

ಸೆನೆಗಲ್‌ನಿಂದ ಇಥಿಯೋಪಿಯದವರೆಗೆ ಚಾಚಿರುವ ಭೂಭಾಗವನ್ನು ಫ್ರೆಂಚ್ ವೈದ್ಯ ಲಪೇಸೋನಿ 1963ರಲ್ಲಿ ‘ಮೆನಿಂಜೈಟಿಸ್ ಪಟ್ಟಿ’ ಎಂದು ಗುರುತಿಸಿದ. ಈಗ ಅದರಲ್ಲಿ 26 ದೇಶಗಳಿವೆ. ಧೂಳುಗಾಳಿಯ ಒಣ ಋತುವಿನಲ್ಲಿ ಏರುವ ರೋಗ ಮಳೆ ಬಿದ್ದೊಡನೆ ಇಳಿಯುತ್ತದೆ. 1996-97ರ ಪಿಡುಗಿನಲ್ಲಿ 2,50,000ಕ್ಕೂ ಹೆಚ್ಚು ಜನ ರೋಗಕ್ಕೆ ತುತ್ತಾಗಿ, ಸುಮಾರು 25,000 ಮಂದಿ ಸತ್ತರು.

ಲೆಕ್ಕ ಶುರುವಾಗುವುದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ. ದಿಢೀರ್ ಜ್ವರದ ಜೊತೆ ಕತ್ತು ಸೆಟೆದರೆ ಅಥವಾ ಪ್ರಜ್ಞೆ ಮಸುಕಾದರೆ ಅದು ಶಂಕಿತ ಪ್ರಕರಣ. ಹಸುಗೂಸಿನಲ್ಲಿ ನೆತ್ತಿ ಉಬ್ಬಿರುವುದನ್ನೂ ನೋಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಪರಿಷ್ಕರಿಸಿದ ಮಿತಿಯಂತೆ, ಲಕ್ಷ ಜನರಿಗೆ ವಾರಕ್ಕೆ 3 ಶಂಕಿತ ಪ್ರಕರಣ ಬಂದರೆ ಎಚ್ಚರಿಕೆ, 10 ಬಂದರೆ ಪಿಡುಗು. ಅಂದರೆ 80,000 ಜನರಿರುವ ಜಿಲ್ಲೆಯಲ್ಲಿ ಪಿಡುಗೆನ್ನಲು ವಾರಕ್ಕೆ ಎಂಟು ಪ್ರಕರಣಗಳಾದರೆ ಸಾಕು. ಜನಸಂಖ್ಯೆ 30,000ಕ್ಕಿಂತ ಕಡಿಮೆಯಿದ್ದಲ್ಲಿ ದರ ದಾರಿ ತಪ್ಪಿಸುತ್ತದೆ. ಅಲ್ಲಿ ತಲೆ ಎಣಿಸುವುದೇ ಸರಿ, ವಾರಕ್ಕೆ 2 ಎಚ್ಚರಿಕೆ, 5 ಪಿಡುಗು. ತಿಂಗಳ ವರದಿಗೆ ಕಾದರೆ ಪಿಡುಗು ಊರು ದಾಟಿರುತ್ತದೆ.

ಎಣಿಕೆಯಷ್ಟರಿಂದ ಯಾವ ಲಸಿಕೆ ಬೇಕೆಂಬುದು ತಿಳಿಯದು. ಅದಕ್ಕೆ ರೋಗಿಯ ಬೆನ್ನಿನಿಂದ ತೆಗೆದ ದ್ರವ ಪ್ರಯೋಗಾಲಯ ಸೇರಬೇಕು. ಮೆನಿಂಗೊಕಾಕಸ್, ನ್ಯುಮೊಕಾಕಸ್, ಹೀಮೊಫಿಲಸ್ ಇವುಗಳಲ್ಲಿ ಯಾವುದು, ಮೆನಿಂಗೊಕಾಕಸ್ ಆದರೆ ಯಾವ ಗುಂಪಿನದು ಎಂಬುದನ್ನು ಬ್ಯಾಕ್ಟೀರಿಯವನ್ನು ಬೆಳೆಸಿ ನೋಡುವ ಕಲ್ಚರ್ ಅಥವಾ ಪಿಸಿಆರ್ ಪರೀಕ್ಷೆ ಹೇಳುತ್ತದೆ. ದೂರದ ಹಾದಿಯಲ್ಲಿ ಬ್ಯಾಕ್ಟೀರಿಯ ಸಾಯದಿರಲೆಂದು ಟ್ರಾನ್ಸ್-ಐಸೊಲೇಟ್ ಎಂಬ ಪೋಷಕ ಮಾಧ್ಯಮದ ಸೀಸೆಯಲ್ಲಿ ಮಾದರಿ ಕಳಿಸುತ್ತಾರೆ. ಇಡೀ ವ್ಯವಸ್ಥೆಯ ದುರ್ಬಲ ಕೊಂಡಿ ಈ ಪ್ರಯಾಣವೇ.

ದೊಡ್ಡ ಪಿಡುಗುಗಳಿಗೆಲ್ಲ ಎ ಗುಂಪೇ ಮುಖ್ಯ ಕಾರಣವೆಂದು ಪ್ರಯೋಗಾಲಯದ ದಾಖಲೆಗಳು ತೋರಿಸಿದ್ದವು. ಅದರ ವಿರುದ್ಧ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಮೆನ್‌ಆಫ್ರಿವ್ಯಾಕ್ ಲಸಿಕೆಯ ಬೃಹತ್ ಅಭಿಯಾನ 2010ರ ಡಿಸೆಂಬರ್‌ನಲ್ಲಿ ಬುರ್ಕಿನ ಫಾಸೊದಲ್ಲಿ ಆರಂಭವಾಯಿತು. ಎ ಗುಂಪು ಬಹುಮಟ್ಟಿಗೆ ಮರೆಯಾಯಿತು. ಕಣ್ಗಾವಲು ಮಾತ್ರ ಸಡಿಲಿಸಲಿಲ್ಲ, ಅದು ಒಳ್ಳೆಯದೇ ಆಯಿತು: 2015ರಲ್ಲಿ ನೈಜರ್‌ನಲ್ಲಿ, 2017ರಲ್ಲಿ ನೈಜೀರಿಯದಲ್ಲಿ ಸಿ ಗುಂಪು ಭುಗಿಲೆದ್ದದ್ದು ಅದರಿಂದಲೇ ಖಚಿತವಾಯಿತು. ಐದು ಗುಂಪುಗಳನ್ನು ತಡೆಯುವ ಹೊಸ ಲಸಿಕೆಯನ್ನು 2024ರಲ್ಲಿ ನೈಜೀರಿಯ ಎಲ್ಲರಿಗಿಂತ ಮೊದಲು ಬಳಕೆಗೆ ತಂದಿತು.