ಕಿಸೆಯಲ್ಲಿ ಕಾಸಿಲ್ಲದೆ ಮಾಸ್ಕೋಗೆ ನಡೆದ ದೋಸ್ತರು

ದೋಸ್ತರ ಜೊತೆ ಫಾರಿನ್ ಟೂರ್ ಅಂದಕೂಡಲೇ ಮೊದಲು ಏಳುವ ಪ್ರಶ್ನೆ ಒಂದೇ: ತಲೆಗೆ ಎಷ್ಟು ಬೀಳುತ್ತೆ? ಫಾರಿನ್ ಬಿಡಿ, ನಮ್ಮ ಕಡೆ ಹುಡುಗರ ಗೋವಾ ಪ್ಲಾನ್ ಕೂಡ ವಾಟ್ಸಾಪ್ ಗ್ರೂಪಿನಲ್ಲಿ ಹುಟ್ಟಿ ಅಲ್ಲೇ ಸಾಯುವುದು ಇದೇ ಪ್ರಶ್ನೆಯಿಂದ. 1962ರಲ್ಲಿ ಇಬ್ಬರು ಗೆಳೆಯರು ಈ ಪ್ರಶ್ನೆಯನ್ನೇ ಬದಿಗಿಟ್ಟು ಹೊರಟರು. ದೆಹಲಿಯಿಂದ ಮಾಸ್ಕೋ, ಅಲ್ಲಿಂದ ಪ್ಯಾರಿಸ್, ಲಂಡನ್, ಕೊನೆಗೆ ಅಮೆರಿಕದ ವಾಷಿಂಗ್ಟನ್. ಸಮುದ್ರ ದಾಟಲು ಹಡಗು, ಉಳಿದದ್ದೆಲ್ಲ ಕಾಲ್ನಡಿಗೆ. ಸುಮಾರು 8,000 ಮೈಲಿ, ಅಂದರೆ ಹತ್ತಿರಹತ್ತಿರ 13,000 ಕಿಲೋಮೀಟರ್. ಕೈಯಲ್ಲಿ ಒಂದು ಪೈಸೆ ಇಲ್ಲ.

ಈ ಕಥೆಗೆ ಬೀಜ ಬಿದ್ದದ್ದು ಬೆಂಗಳೂರಿನಲ್ಲಿ, ಕಾಫಿ ಕುಡಿಯುತ್ತ ಪೇಪರ್ ಓದುವಾಗ.

1961ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಕೋರ್ಟೊಂದು 89 ವರ್ಷದ ಮುದುಕರೊಬ್ಬರನ್ನು ಜೈಲಿಗೆ ಕಳಿಸಿತು. ಅವರು ಬರ್ಟ್ರಂಡ್ ರಸೆಲ್. ದೊಡ್ಡ ಗಣಿತಜ್ಞ, ತತ್ವಜ್ಞಾನಿ, ನೊಬೆಲ್ ಪ್ರಶಸ್ತಿ ಪಡೆದವರು. ಅಣುಬಾಂಬ್ ವಿರುದ್ಧ ಬೀದಿಗಿಳಿಯಿರಿ ಎಂದು ಜನರನ್ನು ಕರೆದದ್ದೇ ಅವರ ಅಪರಾಧ. ಎರಡು ತಿಂಗಳ ಶಿಕ್ಷೆ ವಯಸ್ಸಿನ ಕಾರಣಕ್ಕೆ ಒಂದು ವಾರಕ್ಕೆ ಇಳಿಯಿತು. ಮೊದಲ ಮಹಾಯುದ್ಧವನ್ನು ವಿರೋಧಿಸಿ 1918ರಲ್ಲಿ ಆರು ತಿಂಗಳ ಶಿಕ್ಷೆ ಪಡೆದು ಸೇರಿದ್ದ ಬ್ರಿಕ್ಸ್‌ಟನ್ ಜೈಲಿಗೇ ಮತ್ತೆ ಹೋದರು.

ಈ ಸುದ್ದಿಯನ್ನು ಬೆಂಗಳೂರಿನ ಕಾಫಿ ಹೋಟೆಲಿನಲ್ಲಿ ಓದಿದವರು ಸತೀಶ್ ಕುಮಾರ್ ಮತ್ತು ಇ. ಪಿ. ಮೆನನ್. ತೊಂಬತ್ತರ ಅಂಚಿನ ಮನುಷ್ಯ ಜೈಲಿಗೆ ಹೋಗುತ್ತಾರೆ, ನಾವಿಬ್ಬರು ಪ್ರಾಯದವರು ಇಲ್ಲಿ ಕೂತು ಕಾಫಿ ಕುಡಿಯುತ್ತಿದ್ದೇವಲ್ಲ ಎಂಬ ನಾಚಿಕೆಯಿಂದ ಮಾತು ಶುರುವಾಯಿತು ಎಂದು ಸತೀಶ್ ಕುಮಾರ್ ಅವರು ಎಷ್ಟೋ ಸಲ ಹೇಳಿದ್ದಾರೆ. ಕಾಫಿ ಹೋಟೆಲಿನಲ್ಲಿ ಇಂಥ ಮಾತು ನಾವೂ ನೀವೂ ಆಡುತ್ತೇವೆ. ಬಿಲ್ ಬಂದಾಗ ಮುಗಿಯುತ್ತದೆ. ಇವರದ್ದು ಮುಗಿಯಲಿಲ್ಲ.

ಸತೀಶ್ ರಾಜಸ್ಥಾನದ ಶ್ರೀ ಡೂಂಗರಗಢದವರು. ಒಂಬತ್ತನೇ ವಯಸ್ಸಿಗೆ ಜೈನ ಮುನಿಯಾಗಿ, ಹದಿನೆಂಟಕ್ಕೆ ಅದನ್ನು ಬಿಟ್ಟು ವಿನೋಬಾ ಭಾವೆಯವರ ಭೂದಾನ ಚಳವಳಿ ಸೇರಿದ್ದರು. ಮೆನನ್ ಕೇರಳ ಮೂಲದವರು, ಅವರೂ ಅದೇ ಗಾಂಧಿ ದಾರಿಯವರು. ಮುನಿಯಾಗಿದ್ದಾಗಲೇ ಸತೀಶ್‌ಗೆ ಬರಿಗಾಲಲ್ಲಿ ಊರೂರು ನಡೆಯುವುದು, ಕೊಟ್ಟದ್ದನ್ನು ಉಣ್ಣುವುದು ಅಭ್ಯಾಸವಾಗಿತ್ತು. ಆದ್ದರಿಂದ ಹೊರಟದ್ದು ಹುಚ್ಚು ಧೈರ್ಯದಿಂದ ಮಾತ್ರ ಅಂತ ನಮಗೆ ಅನಿಸುವುದಿಲ್ಲ. ಸತೀಶ್‌ಗೆ ಆಗಲೇ ಮದುವೆಯಾಗಿತ್ತು. ಇಂಥ ಕಥೆ ಹೇಳುವವರು ಮನೆಯಲ್ಲಿ ಉಳಿದವರ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಇಲ್ಲಿ ಅವರಿಗೆ ಒಂದು ಸಾಲಾದರೂ ಇರಲಿ.

ಆ ಹೊತ್ತಿಗೆ ಅಣುಬಾಂಬ್ ಇದ್ದ ದೇಶಗಳು ನಾಲ್ಕೇ. ಅಮೆರಿಕ 1945ರಿಂದ, ಸೋವಿಯತ್ ರಷ್ಯಾ 1949ರಿಂದ, ಬ್ರಿಟನ್ 1952ರಿಂದ, ಫ್ರಾನ್ಸ್ 1960ರಿಂದ. ರಸೆಲ್ ಜೈಲಿಂದ ಹೊರಬಂದು ಒಂದೂವರೆ ತಿಂಗಳೊಳಗೆ, 1961ರ ಅಕ್ಟೋಬರ್ 30ಕ್ಕೆ, ರಷ್ಯಾ ತನ್ನ ಉತ್ತರದ ಹಿಮದ ದ್ವೀಪದಲ್ಲಿ ಜಗತ್ತು ಈವರೆಗೆ ಕಂಡ ಅತಿ ದೊಡ್ಡ ಬಾಂಬ್ ಸಿಡಿಸಿತು. ಹಿರೋಷಿಮಾಕ್ಕೆ ಬಿದ್ದದ್ದಕ್ಕಿಂತ ಮೂರು ಸಾವಿರ ಪಟ್ಟು ದೊಡ್ಡದು. ನಾಲ್ಕು ದೇಶಗಳ ನಾಲ್ಕು ರಾಜಧಾನಿಗೂ ನಡೆದು ಹೋಗಿ, ಇದನ್ನು ಬಿಡಿ ಎಂದು ಕೇಳಬೇಕು. ಗೆಳೆಯರು ಹಾಕಿಕೊಂಡ ಯೋಜನೆ ಇಷ್ಟೇ.

ಆಶೀರ್ವಾದ ಕೇಳಲು ವಿನೋಬಾ ಹತ್ತಿರ ಹೋದರು. ವಿನೋಬಾ ಹೆಸರು ನಮ್ಮ ಹಳ್ಳಿಗಳ ಹಿರಿಯರಿಗೆ ಗೊತ್ತು. 1951ರಲ್ಲಿ ತೆಲಂಗಾಣದ ಪೋಚಂಪಲ್ಲಿಯಿಂದ ಭೂದಾನಕ್ಕಾಗಿ ನಡೆಯಲು ಶುರುಮಾಡಿ, 1957ರಲ್ಲಿ ಮೈಸೂರಿನ ಹತ್ತಿರದ ಯಲವಾಲದಲ್ಲಿ ಗ್ರಾಮದಾನ ಸಮ್ಮೇಳನ ನಡೆಸಿದವರು. ನಡಿಗೆಯ ವಿಷಯದಲ್ಲಿ ಅವರಿಗಿಂತ ಬಲ್ಲವರು ಆಗ ದೇಶದಲ್ಲಿ ಇರಲಿಲ್ಲ. ಅವರು ಎರಡು ಷರತ್ತು ಹಾಕಿದರು. ಮಾಂಸ ತಿನ್ನಬೇಡಿ. ದುಡ್ಡು ಒಯ್ಯಬೇಡಿ.

ಮೊದಲನೆಯದು ಗಾಂಧಿವಾದಿಗಳ ಮಾಮೂಲಿ ಮಾತು. ಎರಡನೆಯದರ ಹಿಂದಿನ ಲೆಕ್ಕ ಬೇರೆ. ದುಡ್ಡಿದ್ದರೆ ಏನಾಗುತ್ತದೆ? ದಿನವೆಲ್ಲ ನಡೆದು ಸುಸ್ತಾಗಿರುತ್ತೀರಿ, ಖಾನಾವಳಿ ಹುಡುಕಿ ಉಣ್ಣುತ್ತೀರಿ, ಲಾಡ್ಜಿನಲ್ಲಿ ಮಲಗುತ್ತೀರಿ, ಬೆಳಿಗ್ಗೆ ಎದ್ದು ಮುಂದಕ್ಕೆ. ಊರಿನ ಒಬ್ಬ ಮನುಷ್ಯನ ಜೊತೆಯೂ ಮಾತಾಡಬೇಕಾಗಿಲ್ಲ. ದುಡ್ಡಿಲ್ಲದಿದ್ದರೆ ಸಂಜೆಯಾಗುತ್ತಲೇ ಯಾರದೋ ಬಾಗಿಲು ಬಡಿಯಲೇಬೇಕು. ಅವರು ಊಟಕ್ಕೆ ಕರೆದಾಗ ಮಾಂಸ ಬೇಡ ಅನ್ನಬೇಕು. ಯಾಕೆ ಅಂತ ಅವರು ಕೇಳುತ್ತಾರೆ. ಅಲ್ಲಿಂದ ಹಿಂಸೆ, ಯುದ್ಧ, ಬಾಂಬ್ ಎಲ್ಲದರ ಮಾತು ತಾನಾಗಿ ಬರುತ್ತದೆ. ಈಗಿನ ಪ್ಯಾಕೇಜ್ ಟೂರ್‌ಗಳಲ್ಲಿ ಎಂಟು ದಿನಕ್ಕೆ ಐದು ದೇಶ ನೋಡಿ ಬರುವವರು ಅಲ್ಲಿನ ಒಂದು ಮನೆಯ ಅಡುಗೆ ಒಲೆಯನ್ನೂ ನೋಡಿರುವುದಿಲ್ಲ. ವಿನೋಬಾ ಅದನ್ನು ಅರವತ್ತು ವರ್ಷ ಮೊದಲೇ ಲೆಕ್ಕ ಹಾಕಿದ್ದರು.

1962ರ ಜೂನ್ 1ರಂದು ದೆಹಲಿಯ ರಾಜಘಾಟ್‌ನಿಂದ, ಗಾಂಧಿ ಸಮಾಧಿಯಿಂದ ಹೊರಟರು. ಉತ್ತರ ಭಾರತದ ಜೂನ್ ಬಿಸಿಲು ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ವಾಘಾ ಗಡಿಯಲ್ಲಿ ಬೀಳ್ಕೊಡಲು ಬಂದವರಲ್ಲಿ ಒಬ್ಬರು ಬುತ್ತಿ ಕಟ್ಟಿ ತಂದಿದ್ದರು. ಆ ಕಡೆ ಪಾಕಿಸ್ತಾನ, ಯಾರು ಅನ್ನ ಹಾಕುತ್ತಾರೋ ಇಲ್ಲವೋ, ಇದಾದರೂ ಇರಲಿ ಎಂದು ಅತ್ತುಕೊಂಡು ಕೊಡಲು ಬಂದರು. ಸತೀಶ್ ತೆಗೆದುಕೊಳ್ಳಲಿಲ್ಲ. ಇದು ಅನ್ನದ ಗಂಟಲ್ಲ, ಅಪನಂಬಿಕೆಯ ಗಂಟು ಎಂಬ ಅರ್ಥದ ಮಾತು ಹೇಳಿದರಂತೆ. ಆ ಕಡೆಯವರು ಊಟಕ್ಕೆ ಕರೆದಾಗ, ನಿಮ್ಮನ್ನು ನಂಬದೆ ಬುತ್ತಿ ತಂದಿದ್ದೇವೆ ಅಂತ ಹೇಗೆ ಹೇಳುವುದು?

ಗಡಿ ದಾಟಿ ಸ್ವಲ್ಪ ದೂರ ಹೋಗುವುದರೊಳಗೆ ಲಾಹೋರಿನವರೊಬ್ಬರು ಇವರನ್ನು ಹುಡುಕಿಕೊಂಡು ಬಂದರು. ಶಾಂತಿಗಾಗಿ ನಡೆದು ಬರುತ್ತಿರುವ ಇಬ್ಬರು ಹಿಂದೂಸ್ತಾನಿಗಳು ನೀವೇನಾ? ಬನ್ನಿ ನಮ್ಮ ಮನೆಗೆ. ಇವರ ಸುದ್ದಿ ಅವರಿಗೆ ಮೊದಲೇ ತಿಳಿದಿತ್ತು. ಗಾಡಿ ಹತ್ತಿ ಅಂದರು. ಇವರು ಹತ್ತಲಿಲ್ಲ, ನಡೆದೇ ಲಾಹೋರ್ ಸೇರಿ ಅವರ ಮನೆಯಲ್ಲಿ ಉಂಡರು. ದೇಶ ಇಬ್ಭಾಗವಾಗಿ, ಅದೇ ರಸ್ತೆಯಲ್ಲಿ ಹೆಣಗಳು ಬಿದ್ದು ಆಗ ಬರೀ ಹದಿನೈದು ವರ್ಷ. ಆ ಮನೆಯವರು ಬಾಗಿಲು ತೆಗೆದದ್ದು ಸಣ್ಣ ಮಾತಲ್ಲ.

ನಮ್ಮ ಕಡೆಯ ಜನಕ್ಕೆ ಈ ಭಾಗ ಬೇಗ ಅರ್ಥವಾಗುತ್ತದೆ. ಯುಗಾದಿ ಹೊತ್ತಿಗೆ ಶ್ರೀಶೈಲಕ್ಕೆ ನಡೆದು ಹೋಗುವವರನ್ನು ದಾರಿಯ ಊರವರು ಹೇಗೆ ನೋಡಿಕೊಳ್ಳುತ್ತಾರೆ ಅಂತ ಎಲ್ಲರೂ ಕಂಡಿದ್ದೇವೆ. ಮಜ್ಜಿಗೆ, ರೊಟ್ಟಿ, ಬೊಬ್ಬೆ ಬಂದ ಕಾಲಿಗೆ ಎಣ್ಣೆ. ಹೆಸರು ಕೇಳದೆ ಕೊಡುತ್ತಾರೆ. ಆದರೆ ಅಲ್ಲಿ ನಡೆಯುವವರು ಯಾರು, ಎಲ್ಲಿಗೆ ಹೋಗುತ್ತಿದ್ದಾರೆ ಎಂಬುದು ಮೊದಲೇ ಗೊತ್ತಿರುತ್ತದೆ. ಗುರುತೇ ಇಲ್ಲದ ಇಬ್ಬರು, ಬೇರೆ ಭಾಷೆ, ಬೇರೆ ಮುಖ, ಕಿಸೆ ಖಾಲಿ. ಇಂಥವರು ಸಂಜೆ ಏಳಕ್ಕೆ ನಮ್ಮ ಕಟ್ಟೆಗೆ ಬಂದು ಕೂತರೆ? ಮೊದಲು ಯಾವೂರು ಅಂತೀವಿ, ಆಮೇಲೆ ಯಾರ ಪೈಕಿ ಅಂತೀವಿ. ಆ ಎರಡನೇ ಪ್ರಶ್ನೆಗೆ ಬರುವ ಉತ್ತರದ ಮೇಲೆ ನೀರು ಚೊಂಬಿನಲ್ಲೋ ಬೊಗಸೆಯಲ್ಲೋ ಎಂಬುದು ಇನ್ನೂ ಎಷ್ಟೋ ಕಡೆ ತೀರ್ಮಾನವಾಗುತ್ತದೆ.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಆದದ್ದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲು ನಮಗೆ ಆಗುತ್ತಿಲ್ಲ. ಹೈದರಾಬಾದಿನ ಕಡೆಯಿಂದ ಕೆಲವು ಗೆಳೆಯರು ಕಾರಿನಲ್ಲಿ ಸುತ್ತಾಡಲು ಬಂದಿದ್ದರು. ಅವರಲ್ಲೊಬ್ಬರು ಕತಾರ್ ದೇಶದವರು. ದಾರಿಯಲ್ಲಿ ಮಕ್ಕಳಿಗೆ ಚಾಕ್ಲೆಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ವೇಗವಾಗಿ ಓಡಿತು. ಔರಾದ್ ತಾಲ್ಲೂಕಿನ ಮುರ್ಕಿ ಊರಲ್ಲಿ ಗುಂಪು ಅವರನ್ನು ಅಡ್ಡಗಟ್ಟಿ ಹೊಡೆಯಿತು. ಒಬ್ಬರು ಸತ್ತರು. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿದ್ದವು. ಆ ದಿನಗಳಲ್ಲಿ ಅಂಥ ಮೆಸೇಜ್ ಬಾರದ ಫೋನ್ ನಮ್ಮ ಜಿಲ್ಲೆಗಳಲ್ಲಿ ಇರಲಿಲ್ಲ ಅಂದರೂ ತಪ್ಪಿಲ್ಲ. ಫಾರ್ವರ್ಡ್ ಮಾಡಿದವರು ಕೆಟ್ಟವರೇನಲ್ಲ, ತಮ್ಮ ಮಕ್ಕಳ ಬಗ್ಗೆ ಹೆದರಿದವರು. ಲಾಹೋರಿನವರಿಗೂ ಹೆದರಲು ಕಾರಣಗಳಿದ್ದವು.

ಸತೀಶ್, ಮೆನನ್ ಖೈಬರ್ ಕಣಿವೆ ದಾಟಿ ಕಾಬೂಲ್, ಅಲ್ಲಿಂದ ಇರಾನ್ ಕಡೆ ನಡೆದರು. ಅವರು ಊರು ಬಿಟ್ಟು ಐದು ತಿಂಗಳೂ ಆಗಿರಲಿಲ್ಲ, 1962ರ ಅಕ್ಟೋಬರಿನಲ್ಲಿ ಎರಡು ಸುದ್ದಿ ಒಟ್ಟಿಗೇ ಬಂದವು. ಒಂದು, ಭಾರತದ ಮೇಲೆ ಚೀನಾ ಯುದ್ಧ. ಇನ್ನೊಂದು, ಕ್ಯೂಬಾದಲ್ಲಿ ರಷ್ಯಾ ಇಟ್ಟ ಕ್ಷಿಪಣಿಗಳಿಗಾಗಿ ಅಮೆರಿಕ ಮತ್ತು ರಷ್ಯಾ ಅಣುಯುದ್ಧದ ಅಂಚಿಗೆ ಬಂದು ನಿಂತದ್ದು. ಇಬ್ಬರು ಹರಿದ ಬೂಟಿನವರು ಯಾವುದನ್ನು ನಿಲ್ಲಿಸಲು ನಡೆಯುತ್ತಿದ್ದರೋ ಅದು ಅವರು ಅರ್ಧ ದಾರಿ ಮುಟ್ಟುವ ಮೊದಲೇ ಆಗಿಬಿಡುವ ಹಾಗಿತ್ತು.

ಸೋವಿಯತ್ ನೆಲದಲ್ಲಿ, ಕಪ್ಪು ಸಮುದ್ರದ ದಂಡೆಯ ಜಾರ್ಜಿಯಾದಲ್ಲಿ, ರಸ್ತೆ ಬದಿ ಇಬ್ಬರು ಹೆಂಗಸರಿಗೆ ತಮ್ಮ ಕರಪತ್ರ ಕೊಟ್ಟರು. ನಿಜವಾಗಿ ಹಿಂದೂಸ್ತಾನದಿಂದ ನಡೆದೇ ಬಂದಿರಾ ಎಂದು ಅವರಿಗೆ ಆಶ್ಚರ್ಯ. ಅವರು ಪಕ್ಕದ ಚಹಾ ಫ್ಯಾಕ್ಟರಿಯ ಕೆಲಸಗಾರರು. ಒಳಗೆ ಕರೆದು ಚಹಾ ಕೊಟ್ಟರು, ಊಟಕ್ಕೆ ಇಟ್ಟರು. ಅವರಲ್ಲೊಬ್ಬರಿಗೆ ಏನೋ ಹೊಳೆದು ಹೊರಗೆ ಓಡಿ ನಾಲ್ಕು ಪೊಟ್ಟಣ ಚಹಾಪುಡಿ ತಂದರು. ಒಂದು ಮಾಸ್ಕೋಗೆ, ಒಂದು ಪ್ಯಾರಿಸ್ಸಿಗೆ, ಒಂದು ಲಂಡನ್ನಿಗೆ, ಒಂದು ವಾಷಿಂಗ್ಟನ್ನಿಗೆ. ಬಾಂಬಿನ ಗುಂಡಿ ಒತ್ತುವ ಹುಚ್ಚು ಯೋಚನೆ ಬಂದರೆ ಒಂದು ನಿಮಿಷ ನಿಂತು ಈ ಚಹಾ ಮಾಡಿಕೊಂಡು ಕುಡಿಯಲು ನಿಮ್ಮ ದೊಡ್ಡವರಿಗೆ ಹೇಳಿ ಎಂಬುದು ಅವರ ಸಂದೇಶ. ಅಲ್ಲಿಯವರೆಗೆ ಈ ನಡಿಗೆಯಲ್ಲಿ ಭಾಷಣ ಇತ್ತು, ಕರಪತ್ರ ಇತ್ತು. ಕೈಗೆ ಕೊಡುವಂಥದ್ದು ಏನೂ ಇರಲಿಲ್ಲ. ಅದನ್ನು ಕೊಟ್ಟವರು ಫ್ಯಾಕ್ಟರಿಯ ಕೂಲಿ ಹೆಂಗಸರು. ಇಡೀ ಪ್ರವಾಸದಲ್ಲಿ ನಮಗೆ ಅತಿ ಇಷ್ಟವಾದ ಜಾಗ ಇದೇ.

ಮಾಸ್ಕೋದಲ್ಲಿ ಮೊದಲ ಪೊಟ್ಟಣ ಮುಟ್ಟಿತು. ಚಳಿಯಲ್ಲಿ ಮುಂದೆ ನಡೆದು ಪೋಲೆಂಡ್, ಗೋಡೆ ಎದ್ದು ಎರಡು ಹೋಳಾಗಿದ್ದ ಬರ್ಲಿನ್, ಬೆಲ್ಜಿಯಂ ದಾಟಿ ಫ್ರಾನ್ಸ್ ತಲುಪಿದರು. ಅಲ್ಲಿ ಅಧ್ಯಕ್ಷ ಡಿಗಾಲ್ ಕಡೆಯಿಂದ ಬಾಗಿಲು ತೆರೆಯಲಿಲ್ಲ. ಅರಮನೆಯ ಮುಂದೆ ಪ್ರತಿಭಟನೆ ಮಾಡಿದ್ದಕ್ಕೆ ಜೈಲಾಯಿತು, ಮೂರು ದಿನ. ರಸೆಲ್ ಜೈಲಿಗೆ ಹೋದದ್ದನ್ನು ಓದಿ ಹೊರಟವರು ತಾವೂ ಒಳಗೆ ಕೂತು ಬಂದರು. ಇಂಗ್ಲೆಂಡಿಗೆ ಬಂದ ಮೇಲೆ ವೇಲ್ಸ್‌ನ ಹಳ್ಳಿಯೊಂದರಲ್ಲಿದ್ದ ರಸೆಲ್ ಅವರನ್ನು ಭೇಟಿಯಾದರು. ಅಮೆರಿಕಕ್ಕೆ ನಡೆಯಲಾಗದು, ನಡುವೆ ಅಟ್ಲಾಂಟಿಕ್ ಸಾಗರ. ಹಡಗಿನ ಟಿಕೆಟ್ಟಿಗೆ ರಸೆಲ್ಲೇ ನೆರವಾದರು. ಹಡಗಿನ ಹೆಸರು ಕ್ವೀನ್ ಮೇರಿ, ಆ ಕಾಲದ ಐಷಾರಾಮಿ ಹಡಗು. ಕಾಸಿಲ್ಲದವರ ಪ್ರವಾಸದಲ್ಲಿ ಇದೂ ಒಂದು ತಮಾಷೆ.

ನಾಲ್ಕನೇ ಪೊಟ್ಟಣ ಅಧ್ಯಕ್ಷ ಕೆನಡಿಗೆ ಸೇರಬೇಕಿತ್ತು. ಇವರು ವಾಷಿಂಗ್ಟನ್ ಮುಟ್ಟುವ ಮೊದಲೇ, 1963ರ ನವೆಂಬರ್ 22ರಂದು, ಡಲ್ಲಾಸ್‌ನಲ್ಲಿ ಕೆನಡಿಯನ್ನು ಗುಂಡಿಟ್ಟು ಕೊಂದರು. ಚಹಾ ಶ್ವೇತಭವನಕ್ಕೆ ಹೋಯಿತು. ಗೆಳೆಯರು ಆರ್ಲಿಂಗ್ಟನ್ ಸ್ಮಶಾನದಲ್ಲಿ ಕೆನಡಿ ಸಮಾಧಿಯ ಮುಂದೆ ನಡಿಗೆ ಮುಗಿಸಿದರು. ಗುಂಡಿಗೆ ಬಲಿಯಾದ ಒಬ್ಬರ ಸಮಾಧಿಯಿಂದ ಇನ್ನೊಬ್ಬರ ಸಮಾಧಿಗೆ. 1964ರ ಜನವರಿ ಅದು.

ಅಮೆರಿಕದಲ್ಲಿ ಅಟ್ಲಾಂಟಾದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನೂ ಕಂಡರು. ಅಟ್ಲಾಂಟಾ ಇರುವ ರಾಜ್ಯದ ಹೆಸರೂ ಜಾರ್ಜಿಯಾ. ಅದೇ ರಾಜ್ಯದ ಒಂದು ಹೋಟೆಲಿನಲ್ಲಿ ಚಹಾ ಕೇಳಿದ್ದಕ್ಕೆ, ಮೈಬಣ್ಣ ನೋಡಿ, ಮಾಲೀಕ ಸತೀಶ್ ಮುಂದೆ ಬಂದೂಕು ಹಿಡಿದ. ಪಾಕಿಸ್ತಾನದಲ್ಲಿ ಏನಾಗುತ್ತೋ ಅಂತ ಬುತ್ತಿ ತಂದವರು ಅತ್ತಿದ್ದರು. ಬಂದೂಕು ಎದುರಾದದ್ದು ಇಲ್ಲಿ.

ಇಷ್ಟು ನಡೆದು ಏನಾಯಿತು ಅಂತ ಕೇಳುವವರು ಕೇಳಲಿ, ಕೇಳಬೇಕು. 1963ರ ಆಗಸ್ಟ್ 5ರಂದು ಅಮೆರಿಕ, ರಷ್ಯಾ, ಬ್ರಿಟನ್ ಸೇರಿ ನೆಲದ ಮೇಲೆ, ಗಾಳಿಯಲ್ಲಿ, ನೀರಿನಲ್ಲಿ ಅಣುಬಾಂಬ್ ಪರೀಕ್ಷೆ ಮಾಡುವುದಿಲ್ಲ ಎಂದು ಮಾಸ್ಕೋದಲ್ಲಿ ಸಹಿ ಹಾಕಿದವು. ಅದು ಕ್ಯೂಬಾ ಕಲಿಸಿದ ಹೆದರಿಕೆಯ ಫಲ, ಚಹಾ ಪೊಟ್ಟಣದ ಫಲ ಅಂತ ಹೇಳಲು ನಾವು ತಯಾರಿಲ್ಲ. ಫ್ರಾನ್ಸ್ ಸಹಿ ಹಾಕಲಿಲ್ಲ. 1964ರ ಅಕ್ಟೋಬರಿನಲ್ಲಿ ಚೀನಾವೂ ಬಾಂಬ್ ಸಿಡಿಸಿತು. 1974ರಲ್ಲಿ ಪೋಖರಣ್‌ನಲ್ಲಿ ನಾವೂ ಸಿಡಿಸಿದೆವು, ಅದೂ ಸತೀಶ್ ಹುಟ್ಟಿದ ರಾಜಸ್ಥಾನದಲ್ಲೇ.

ಇನ್ನೊಂದು ಮಾತು. ಜನರ ನಂಬಿಕೆ ಒಂದೇ ಇದ್ದರೆ ಗಡಿ ದಾಟಲಾಗದು, ವೀಸಾ ಬೇಕು. 1963ರ ಮಾರ್ಚ್‌ನಲ್ಲಿ ಅದೇ ರಾಜಘಾಟ್‌ನಿಂದ ಶಂಕರರಾವ್ ದೇವ್ ಅವರ ಮುಂದಾಳತ್ವದಲ್ಲಿ ಇನ್ನೊಂದು ತಂಡ ಚೀನಾದ ರಾಜಧಾನಿ ಪೀಕಿಂಗ್‌ಗೆ ನಡೆದು ಹೊರಟಿತ್ತು. ಚೀನಾ ಒಳಗೆ ಬಿಡಲಿಲ್ಲ. ದಾರಿಯ ದೇಶಗಳೂ ಬಿಡಲಿಲ್ಲ. ಆ ನಡಿಗೆ ಭಾರತದಲ್ಲೇ ಮುಗಿಯಿತು. ಇವತ್ತು ವಾಘಾ ದಾಟಿ ಲಾಹೋರಿಗೆ ನಡೆದು ಹೋಗುತ್ತೇವೆ ಎಂದು ಇಬ್ಬರು ಹುಡುಗರು ಹೊರಟರೆ ಅವರಿಗೂ ಇದೇ ಗತಿ.

ಇವರಿಬ್ಬರು ಅಮೆರಿಕದಿಂದ ಜಪಾನಿಗೆ ಹೋಗಿ ಟೋಕಿಯೋದಿಂದ ಹಿರೋಷಿಮಾದವರೆಗೂ ನಡೆದು ದೇಶಕ್ಕೆ ಮರಳಿದರು. ಮೆನನ್ ಬೆಂಗಳೂರಿನಲ್ಲಿ ನೆಲೆ ನಿಂತರು. ನಡಿಗೆಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ತಮ್ಮ ಪುಸ್ತಕಕ್ಕೆ ‘ಸ್ನೇಹದ ದಾರಿಗಳ ಮೇಲಿನ ಹೆಜ್ಜೆಗಳು’ ಎಂಬ ಅರ್ಥದ ಹೆಸರಿಟ್ಟರು. ಸತೀಶ್ 1973ರಲ್ಲಿ ಇಂಗ್ಲೆಂಡ್ ಸೇರಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ‘ರಿಸರ್ಜೆನ್ಸ್’ ಪತ್ರಿಕೆ ನಡೆಸಿದರು. ಐವತ್ತು ತುಂಬುವ ಹೊತ್ತಿಗೆ ಮತ್ತೆ ಬೂಟು ಕಟ್ಟಿ ಬ್ರಿಟನ್ನಿನ ಉದ್ದಗಲ ಸುಮಾರು 2,000 ಮೈಲಿ ನಡೆದರು, ಆಗಲೂ ದುಡ್ಡು ಒಯ್ಯಲಿಲ್ಲ.