ಸ್ಟ್ರೀಮಿಂಗ್ ಬಂದಿದ್ದಕ್ಕೇ ಆಲ್ಬಂ ಮಾರಾಟ ಬಿದ್ದುಹೋಯಿತೇ? ಅಂಕಿಅಂಶಗಳು ಹೇಳುವ ಕಥೆ ಬೇರೆ

ಮ್ಯೂಸಿಕ್ ಆ್ಯಪ್‌ಗಳು ಬಂದು ಸಿಡಿ, ಕ್ಯಾಸೆಟ್‌ಗಳನ್ನು ಮುಗಿಸಿಬಿಟ್ಟವು, ಅದರ ಜೊತೆ ಸಂಗೀತ ಉದ್ಯಮವೂ ನೆಲಕಚ್ಚಿತು ಎನ್ನುವ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಹರಿದಾಡುತ್ತವೆ. ಹಳೆಯ ಗ್ರಾಮಫೋನ್ ತಟ್ಟೆಗಳು ಮತ್ತೆ ಬಂದಿವೆ, ಸಿಡಿಯನ್ನೂ ಹಿಂದಿಕ್ಕಿವೆ ಎಂದು ಖುಷಿಪಡುವ ಸಂದೇಶಗಳೂ ಇವೆ. ಎರಡರಲ್ಲೂ ಅರ್ಧ ಸತ್ಯವಿದೆ. ಉಳಿದ ಅರ್ಧ ಏನು ಎಂದು ಇಲ್ಲಿ ನೋಡೋಣ.

ಚುಟುಕಾಗಿ ಹೇಳುವುದಾದರೆ:

- ಆಲ್ಬಂ ಮಾರಾಟ ಕುಸಿದಿರುವುದು ನಿಜ. ಆದರೆ ಕುಸಿತದ ದೊಡ್ಡ ಪಾಲು ಸ್ಟ್ರೀಮಿಂಗ್ ಬರುವ ಮೊದಲೇ ಆಗಿತ್ತು.
- ಸಂಗೀತ ಉದ್ಯಮದ ಒಟ್ಟು ಆದಾಯ ಈಗ ಕುಸಿಯುತ್ತಿಲ್ಲ, ಏರುತ್ತಿದೆ. ಆ ಏರಿಕೆಗೆ ಕಾರಣವೇ ಸ್ಟ್ರೀಮಿಂಗ್.
- ನಿಜವಾದ ಸಮಸ್ಯೆ ಇರುವುದು ಆ ಹಣ ಹಂಚಿಕೆಯಾಗುವ ರೀತಿಯಲ್ಲಿ. ಇದರ ಪೆಟ್ಟು ಬೀಳುವುದು ಸಣ್ಣ ಕಲಾವಿದರಿಗೆ.

ಕುಸಿತ ಶುರುವಾಗಿದ್ದು ಯಾವಾಗ?

ಈ ವಿಷಯದಲ್ಲಿ ದೀರ್ಘಕಾಲದ ಲೆಕ್ಕ ಸಿಗುವುದು ಅಮೆರಿಕದಲ್ಲಿ. ಅಲ್ಲಿನ ರೆಕಾರ್ಡಿಂಗ್ ಕಂಪನಿಗಳ ಸಂಘವಾದ ಆರ್‌ಐಎಎ 1973ರಿಂದಲೂ ವರ್ಷವಾರು ಅಂಕಿಅಂಶ ಇಟ್ಟಿದೆ. ಅದರ ಪ್ರಕಾರ 2000ನೇ ಇಸವಿಯಲ್ಲಿ ಅಮೆರಿಕದ ಮಾರುಕಟ್ಟೆಗೆ ಹೋದ ಸಿಡಿಗಳ ಸಂಖ್ಯೆ ಸುಮಾರು 94 ಕೋಟಿ. 2010ರ ಹೊತ್ತಿಗೆ ಅದು ಸುಮಾರು 25 ಕೋಟಿಗೆ ಇಳಿದಿತ್ತು. ಅಂದರೆ ಹತ್ತೇ ವರ್ಷದಲ್ಲಿ ನಾಲ್ಕರಲ್ಲಿ ಮೂರು ಭಾಗದಷ್ಟು ಮಾರಾಟ ಮಾಯವಾಗಿತ್ತು.

ಇನ್ನೊಂದು ದಿನಾಂಕವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸ್ಪಾಟಿಫೈ ಯುರೋಪಿನಲ್ಲಿ ಶುರುವಾಗಿದ್ದು 2008ರ ಅಕ್ಟೋಬರ್‌ನಲ್ಲಿ. ಅಮೆರಿಕಕ್ಕೆ ಬಂದಿದ್ದು 2011ರ ಜುಲೈನಲ್ಲಿ. ಸಿಡಿ ಮಾರಾಟದ ಮುಕ್ಕಾಲು ಪಾಲು ಹೋದಮೇಲೆ ಬಂದ ಆ್ಯಪ್ ಆ ಕುಸಿತಕ್ಕೆ ಕಾರಣ ಆಗಿರಲು ಸಾಧ್ಯವಿಲ್ಲ.

ಹಾಗಾದರೆ ಕಾರಣ ಏನು?

ಒಂದೇ ಕಾರಣ ಅಲ್ಲ, ಮೂರ್ನಾಲ್ಕು ಸೇರಿಕೊಂಡವು.

ಮೊದಲನೆಯದು ಪೈರಸಿ. 1999ರಲ್ಲಿ ನ್ಯಾಪ್‌ಸ್ಟರ್ ಎಂಬ ತಂತ್ರಾಂಶ ಬಂತು. ಒಬ್ಬರ ಕಂಪ್ಯೂಟರ್‌ನಲ್ಲಿದ್ದ ಎಂಪಿ3 ಹಾಡನ್ನು ಇನ್ನೊಬ್ಬರು ದುಡ್ಡು ಕೊಡದೆ ಇಳಿಸಿಕೊಳ್ಳುವ ದಾರಿ ತೆರೆಯಿತು. ಕಂಪನಿಗಳು ಕೋರ್ಟಿಗೆ ಹೋದವು, 2001ರಲ್ಲಿ ನ್ಯಾಪ್‌ಸ್ಟರ್ ಬಾಗಿಲು ಮುಚ್ಚಿತು. ಆದರೆ ಅಷ್ಟರಲ್ಲಿ ಅದೇ ಬಗೆಯ ಬೇರೆ ಜಾಲಗಳು ಹುಟ್ಟಿಕೊಂಡಿದ್ದವು.

ಎರಡನೆಯದು ಬಿಡಿ ಹಾಡಿನ ಮಾರಾಟ. 2003ರ ಏಪ್ರಿಲ್‌ನಲ್ಲಿ ಆ್ಯಪಲ್ ಕಂಪನಿ ಐಟ್ಯೂನ್ಸ್ ಅಂಗಡಿ ತೆರೆದು ಒಂದು ಹಾಡಿಗೆ 99 ಸೆಂಟ್ ಬೆಲೆ ಇಟ್ಟಿತು. ಅಲ್ಲಿಯವರೆಗೆ ಇಷ್ಟವಾದ ಒಂದೆರಡು ಹಾಡಿಗಾಗಿ ಹತ್ತು ಹನ್ನೆರಡು ಹಾಡಿನ ಪೂರ್ತಿ ಸಿಡಿ ಕೊಳ್ಳಬೇಕಿತ್ತು. ಈಗ ಬೇಕಾದ ಹಾಡು ಮಾತ್ರ ಕೊಂಡರೆ ಸಾಕಾಯಿತು. ಕಾನೂನುಬದ್ಧವಾಗಿ ದುಡ್ಡು ಕೊಡುವವರು ಕೂಡ ಮೊದಲಿಗಿಂತ ಕಡಿಮೆ ಕೊಡತೊಡಗಿದರು.

ಮೂರನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ. 1990ರ ದಶಕದಲ್ಲಿ ಜನ ಹೊಸ ಹಾಡುಗಳನ್ನಷ್ಟೇ ಕೊಳ್ಳುತ್ತಿರಲಿಲ್ಲ. ತಮ್ಮಲ್ಲಿದ್ದ ಹಳೆಯ ತಟ್ಟೆ, ಕ್ಯಾಸೆಟ್‌ಗಳ ಬದಲಿಗೆ ಅದೇ ಆಲ್ಬಂಗಳನ್ನು ಮತ್ತೆ ಸಿಡಿಯಲ್ಲಿ ಕೊಂಡರು. ಆ ಬದಲಾವಣೆ ಮುಗಿದಮೇಲೆ ಆ ಬೇಡಿಕೆಯೂ ಮುಗಿಯಿತು. 2000ನೇ ಇಸವಿಯ ಶಿಖರ ಸ್ವಲ್ಪ ಮಟ್ಟಿಗೆ ತಾತ್ಕಾಲಿಕ ಉಬ್ಬರವೇ ಆಗಿತ್ತು.

ಮಾರಾಟ ಇಳಿದಂತೆ ಅಂಗಡಿಗಳೂ ಮುಚ್ಚಿದವು. ಅಮೆರಿಕದ ಪ್ರಸಿದ್ಧ ಟವರ್ ರೆಕಾರ್ಡ್ಸ್ ಮಳಿಗೆಗಳು 2006ರಲ್ಲಿ ಬಾಗಿಲು ಹಾಕಿದವು. ಅಂಗಡಿ ಇಲ್ಲದಿದ್ದರೆ ಕೊಳ್ಳುವುದು ಇನ್ನೂ ಕಷ್ಟ. ಹೀಗೆ ಕುಸಿತವೇ ಕುಸಿತವನ್ನು ಹೆಚ್ಚಿಸಿತು.

ಸ್ಟ್ರೀಮಿಂಗ್ ಮಾಡಿದ್ದೇನು?

ಸ್ಟ್ರೀಮಿಂಗ್‌ಗೆ ಇದರಲ್ಲಿ ಪಾತ್ರವೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಉಳಿದಿದ್ದ ಸಿಡಿ ಮಾರಾಟವನ್ನು ಅದು ಇನ್ನಷ್ಟು ಇಳಿಸಿತು. ಡೌನ್‌ಲೋಡ್ ಮಾರಾಟವನ್ನಂತೂ ಹೆಚ್ಚುಕಡಿಮೆ ಮುಗಿಸಿತು. ಲೂಯಿಸ್ ಅಗಿಯಾರ್ ಮತ್ತು ಜೋಯೆಲ್ ವಾಲ್ಡ್‌ಫೋಗೆಲ್ ಎಂಬ ಅರ್ಥಶಾಸ್ತ್ರಜ್ಞರು 2013ರಿಂದ 2015ರವರೆಗಿನ ಮಾಹಿತಿ ಇಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಿದ್ದಾರೆ. ಸ್ಪಾಟಿಫೈನಲ್ಲಿ ಸುಮಾರು 137 ಸಲ ಹಾಡು ಕೇಳಿದರೆ ಒಂದು ಬಿಡಿ ಹಾಡಿನ ಮಾರಾಟ ತಪ್ಪುತ್ತದೆ ಎಂಬುದು ಅವರ ಅಂದಾಜು. ಆದರೆ ಅದೇ ಅಧ್ಯಯನದಲ್ಲಿ ಇನ್ನೆರಡು ವಿಷಯ ಕಂಡವು: ಸ್ಟ್ರೀಮಿಂಗ್‌ನಿಂದ ಪೈರಸಿ ಕಡಿಮೆಯಾಯಿತು, ಮತ್ತು ಮಾರಾಟದಲ್ಲಿ ಆದ ನಷ್ಟವನ್ನು ಸ್ಟ್ರೀಮಿಂಗ್ ಆದಾಯ ಹೆಚ್ಚುಕಡಿಮೆ ಸರಿದೂಗಿಸಿತು.

ಒಟ್ಟು ಆದಾಯದ ಲೆಕ್ಕವೂ ಇದನ್ನೇ ಹೇಳುತ್ತದೆ. ಅಮೆರಿಕದಲ್ಲಿ ರೆಕಾರ್ಡಿಂಗ್ ಸಂಗೀತದ ಆದಾಯ 1999ರಲ್ಲಿ 1,460 ಕೋಟಿ ಡಾಲರ್ ಇತ್ತು. 2015ರ ಹೊತ್ತಿಗೆ 670 ಕೋಟಿ ಡಾಲರ್ ಆಸುಪಾಸಿಗೆ ಬಿದ್ದಿತ್ತು. ಅಲ್ಲಿಂದ ಏರುತ್ತಾ 2024ರಲ್ಲಿ 1,770 ಕೋಟಿ ಡಾಲರ್ ತಲುಪಿತು. ಇದರಲ್ಲಿ ನೂರಕ್ಕೆ 84 ಪಾಲು ಸ್ಟ್ರೀಮಿಂಗ್‌ನದು. ಬೆಲೆ ಏರಿಕೆಯನ್ನು ಲೆಕ್ಕಕ್ಕೆ ಹಿಡಿದರೆ 1999ರ ಮಟ್ಟಕ್ಕಿಂತ ಇದು ಇನ್ನೂ ಕಡಿಮೆಯೇ. ಹಾಗಿದ್ದರೂ ಉದ್ಯಮ ನೆಲಕಚ್ಚಿದೆ ಎನ್ನುವ ಮಾತು ಹತ್ತು ವರ್ಷ ಹಳೆಯದಾಯಿತು. ಜಾಗತಿಕ ಸಂಘ ಐಎಫ್‌ಪಿಐ ಪ್ರಕಾರ 2024ರಲ್ಲಿ ಪ್ರಪಂಚದಾದ್ಯಂತ ಈ ಆದಾಯ 2,960 ಕೋಟಿ ಡಾಲರ್. ಹಣ ಕೊಟ್ಟು ಚಂದಾ ಪಡೆದವರು 75 ಕೋಟಿ ಜನ.

ಮಾರಾಟ ಇಲ್ಲವೆಂದರೆ ‘ದಾಖಲೆ ಮಾರಾಟ’ದ ಸುದ್ದಿ ಎಲ್ಲಿಂದ ಬರುತ್ತದೆ?

ಇಲ್ಲಿ ‘ಮಾರಾಟ’ ಎಂಬ ಪದದ ಅರ್ಥವೇ ಬದಲಾಗಿದೆ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿ 2014ರ ಡಿಸೆಂಬರ್‌ನಿಂದ ಸ್ಟ್ರೀಮಿಂಗ್ ಅನ್ನೂ ಆಲ್ಬಂ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಿದೆ. ಆಗ ಮಾಡಿದ ನಿಯಮದಂತೆ ಒಂದು ಆಲ್ಬಂನ ಹಾಡುಗಳನ್ನು 1,500 ಸಲ ಕೇಳಿದರೆ, ಅಥವಾ ಅದರ 10 ಬಿಡಿ ಹಾಡು ಮಾರಾಟವಾದರೆ, ಒಂದು ಆಲ್ಬಂ ಮಾರಿದಂತೆ. 2018ರಲ್ಲಿ ಇದನ್ನು ತಿದ್ದಿ, ಚಂದಾದಾರರು ಕೇಳಿದರೆ 1,250 ಸಲ, ಜಾಹೀರಾತಿನೊಂದಿಗೆ ಪುಕ್ಕಟೆ ಕೇಳಿದರೆ 3,750 ಸಲ ಎಂದು ಮಾಡಿದರು. ಹಾಗಾಗಿ ಇಷ್ಟು ಲಕ್ಷ ‘ಯುನಿಟ್’ ಎಂದು ಸುದ್ದಿಯಲ್ಲಿ ಕಂಡರೆ ಅಷ್ಟು ಪ್ರತಿ ಯಾರೋ ಕೊಂಡರು ಎಂದಲ್ಲ.

ನಿಜವಾಗಿ ಪ್ರತಿಗಳು ಮಾರಾಟವಾಗುವುದೂ ಉಂಟು. ಅಡೆಲ್ ಅವರ ‘25’ ಆಲ್ಬಂ 2015ರಲ್ಲಿ ಅಮೆರಿಕದಲ್ಲಿ ಮೊದಲ ವಾರವೇ ಸುಮಾರು 33.8 ಲಕ್ಷ ಪ್ರತಿ ಮಾರಾಟವಾಯಿತು. ಆಗ ಅದನ್ನು ಸ್ಟ್ರೀಮಿಂಗ್‌ಗೆ ಬಿಟ್ಟೇ ಇರಲಿಲ್ಲ. ದಕ್ಷಿಣ ಕೊರಿಯಾದ ಪಾಪ್ ಗುಂಪುಗಳ ಆಲ್ಬಂಗಳು 2023ರಲ್ಲಿ 10 ಕೋಟಿಗೂ ಮೀರಿ ಮಾರಾಟವಾದವು. ಆ ಪೆಟ್ಟಿಗೆಯೊಳಗೆ ಕಲಾವಿದರ ಫೋಟೋ ಕಾರ್ಡ್ ಇರುತ್ತದೆ, ಯಾರ ಕಾರ್ಡ್ ಸಿಗುತ್ತದೆ ಎಂದು ಮೊದಲೇ ಗೊತ್ತಿರುವುದಿಲ್ಲ. ಬೇಕಾದ ಕಾರ್ಡ್ ಸಿಗುವವರೆಗೆ ಒಬ್ಬರೇ ಹಲವು ಪ್ರತಿ ಕೊಳ್ಳುತ್ತಾರೆ. ಟೇಲರ್ ಸ್ವಿಫ್ಟ್ ಅವರಂಥ ದೊಡ್ಡ ತಾರೆಯರು ಒಂದೇ ಆಲ್ಬಂ ಅನ್ನು ಬೇರೆ ಬೇರೆ ಬಣ್ಣ, ಮುಖಪುಟಗಳಲ್ಲಿ ತರುವುದೂ ಇದೇ ಲೆಕ್ಕಾಚಾರದಿಂದ. ಹಾಡು ಫೋನಿನಲ್ಲೇ ಸಿಗುವಾಗ ಆಲ್ಬಂ ಈಗ ಅಭಿಮಾನದ ಗುರುತು, ಜೋಪಾನವಾಗಿ ಇಟ್ಟುಕೊಳ್ಳುವ ವಸ್ತು.

ಗ್ರಾಮಫೋನ್ ತಟ್ಟೆಯ ಸುದ್ದಿಯೂ ಹೀಗೆಯೇ. 2022ರಲ್ಲಿ ಅಮೆರಿಕದಲ್ಲಿ ತಟ್ಟೆಗಳು ಸುಮಾರು 4.1 ಕೋಟಿ, ಸಿಡಿಗಳು ಸುಮಾರು 3.3 ಕೋಟಿ ಮಾರಾಟವಾದವು. 1987ರ ನಂತರ ಮೊದಲ ಬಾರಿಗೆ ತಟ್ಟೆ ಮುಂದೆ ಹೋಯಿತು. ಇದು ನಿಜ. ಆದರೆ ಎರಡನ್ನೂ ಕೂಡಿದರೂ 2000ನೇ ಇಸವಿಯ ಸಿಡಿ ಮಾರಾಟದ ಹನ್ನೆರಡರಲ್ಲಿ ಒಂದು ಪಾಲೂ ಆಗುವುದಿಲ್ಲ. ತಟ್ಟೆ ಗೆದ್ದಿದ್ದಕ್ಕೆ ಸಿಡಿ ಅಷ್ಟು ಕೆಳಗೆ ಬಿದ್ದದ್ದೂ ಕಾರಣ.

ನೀವು ಕೊಡುವ ಚಂದಾ ಯಾರಿಗೆ ಹೋಗುತ್ತದೆ?

ನಾವು ಗಮನ ಕೊಡಬೇಕಾದ ಪ್ರಶ್ನೆ ಇದು. ನಾನು ಕೇಳುವ ಗಾಯಕರಿಗೇ ನನ್ನ ದುಡ್ಡು ಹೋಗುತ್ತದೆ ಎಂದು ಹಲವರು ತಿಳಿದಿರುತ್ತಾರೆ. ಹೆಚ್ಚಿನ ಆ್ಯಪ್‌ಗಳಲ್ಲಿ ಹಾಗಾಗುವುದಿಲ್ಲ. ಒಂದು ಸಲ ಕೇಳಿದರೆ ಇಂತಿಷ್ಟು ಪೈಸೆ ಎಂಬ ನಿಗದಿತ ದರವೂ ಇಲ್ಲ.

ಸ್ಪಾಟಿಫೈನಂಥ ಕಂಪನಿಗಳು ತಮ್ಮ ಆದಾಯದ ಸುಮಾರು ಮೂರನೇ ಎರಡು ಭಾಗವನ್ನು ಹಾಡಿನ ಹಕ್ಕುದಾರರಿಗೆ ಕೊಡುತ್ತವೆ. ಆ ಹಣವನ್ನೆಲ್ಲ ಒಂದೇ ರಾಶಿ ಹಾಕಿ, ಒಟ್ಟು ಕೇಳುವಿಕೆಯಲ್ಲಿ ಯಾರ ಪಾಲು ಎಷ್ಟು ಎಂದು ನೋಡಿ ಹಂಚುತ್ತವೆ. ಒಂದು ಸರಳ ಉದಾಹರಣೆ ನೋಡೋಣ. ಒಂದು ಆ್ಯಪ್‌ಗೆ ಇಬ್ಬರೇ ಚಂದಾದಾರರು, ಇಬ್ಬರೂ ತಿಂಗಳಿಗೆ 100 ರೂಪಾಯಿ ಕೊಡುತ್ತಾರೆ ಎಂದುಕೊಳ್ಳಿ. ಮೊದಲನೆಯವರು ಒಬ್ಬ ಭಾವಗೀತೆ ಗಾಯಕಿಯ ಹಾಡನ್ನು ಮಾತ್ರ 10 ಸಲ ಕೇಳುತ್ತಾರೆ. ಎರಡನೆಯವರು ಸಿನಿಮಾ ಹಾಡುಗಳನ್ನು 990 ಸಲ ಕೇಳುತ್ತಾರೆ. 200 ರೂಪಾಯಿಯಲ್ಲಿ ಹಕ್ಕುದಾರರ ಪಾಲು 140 ರೂಪಾಯಿ ಎಂದಿಟ್ಟುಕೊಂಡರೆ, ಗಾಯಕಿಯ ಕಡೆಗೆ ಸಿಗುವುದು ಅದರ ನೂರಕ್ಕೆ ಒಂದು ಪಾಲು: 1 ರೂಪಾಯಿ 40 ಪೈಸೆ. ಅವರನ್ನು ಬಿಟ್ಟು ಬೇರೇನೂ ಕೇಳದ ಅಭಿಮಾನಿಯ ಹಣದ ಬಹುಪಾಲು ಸಿನಿಮಾ ಹಾಡಿಗೆ ಹೋಯಿತು. ಆ ಅಭಿಮಾನಿಯ ಹಣ ಅವರಿಗೇ ಹೋಗುವ ಪದ್ಧತಿ ಇದ್ದಿದ್ದರೆ 70 ರೂಪಾಯಿ ಬರುತ್ತಿತ್ತು. ಸೌಂಡ್‌ಕ್ಲೌಡ್ 2021ರಲ್ಲಿ ಸ್ವತಂತ್ರ ಕಲಾವಿದರಿಗೆ ಇಂಥ ಪದ್ಧತಿ ತಂದಿತು. ಹೆಚ್ಚಿನ ದೊಡ್ಡ ಆ್ಯಪ್‌ಗಳು ಹಳೆಯ ರಾಶಿ ಪದ್ಧತಿಯಲ್ಲೇ ಇವೆ.

ಇನ್ನೊಂದು ನಿಯಮವೂ ಇದೆ. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ ಬರುವುದಿಲ್ಲ. ಅದಲ್ಲದೆ ಹಣ ಮೊದಲು ಹೋಗುವುದು ಹಕ್ಕು ಪಡೆದ ಆಡಿಯೋ ಕಂಪನಿಗೆ. ಗಾಯಕರಿಗೆ ಎಷ್ಟು ಎಂಬುದು ಅವರ ಒಪ್ಪಂದವನ್ನು ಅವಲಂಬಿಸಿದೆ. ಒಂದು ಸಿಡಿ ಕೊಂಡಾಗ ಹಾಗಿರಲಿಲ್ಲ. ನೀವು ಅದನ್ನು ಒಮ್ಮೆ ಕೇಳಿ ಬೀರುವಿನಲ್ಲಿಟ್ಟರೂ ಅದರ ದುಡ್ಡು ಆ ಆಲ್ಬಂಗೇ ಸಲ್ಲುತ್ತಿತ್ತು. ಕೇಳುಗರು ಕಡಿಮೆ ಇದ್ದರೂ ಕೊಳ್ಳುವವರು ಇದ್ದರೆ ಸಣ್ಣ ಕಲಾವಿದರು ಬದುಕಬಹುದಿತ್ತು. ಆಲ್ಬಂ ಮಾರಾಟದ ಜೊತೆ ಹೋಗಿದ್ದು ಆ ಅನುಕೂಲ.

ಕರ್ನಾಟಕದಲ್ಲಿ ಏನಾಯಿತು?

ನಮ್ಮಲ್ಲಿ ಆಲ್ಬಂ ಎಂದರೆ ಹೆಚ್ಚಾಗಿ ಸಿನಿಮಾ ಹಾಡುಗಳ ಕ್ಯಾಸೆಟ್. ಅದರ ಆಚೆಗೆ ಭಾವಗೀತೆ, ಭಕ್ತಿಗೀತೆ, ಜನಪದ ಗೀತೆಗಳಿಗೂ ಕ್ಯಾಸೆಟ್ ದೊಡ್ಡ ಆಸರೆಯಾಗಿತ್ತು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ ಆಗಿ ಬಂದು ಮನೆಮನೆ ತಲುಪಿತು.

ಇಲ್ಲೂ ಮಾರಾಟ ಇಳಿದದ್ದು ಸ್ಟ್ರೀಮಿಂಗ್‌ಗಿಂತ ಮೊದಲೇ. ನೂರಾರು ಹಾಡು ತುಂಬಿದ ನಕಲಿ ಎಂಪಿ3 ಸಿಡಿಗಳು, ಆಮೇಲೆ ಮೊಬೈಲ್ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿ ಕೊಟ್ಟು ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುವ ರೂಢಿ ಅನೇಕರಿಗೆ ನೆನಪಿರಬಹುದು. ಜಿಯೋ ಬಂದು ಡೇಟಾ ಅಗ್ಗವಾಗಿದ್ದು 2016ರಲ್ಲಿ, ಸ್ಪಾಟಿಫೈ ಭಾರತಕ್ಕೆ ಬಂದಿದ್ದು 2019ರ ಫೆಬ್ರುವರಿಯಲ್ಲಿ. ಈಗ ಸಿನಿಮಾ ಹಾಡುಗಳೂ ಒಟ್ಟಿಗೆ ಬರುವ ಬದಲು ಒಂದೊಂದಾಗಿ ಲಿರಿಕಲ್ ವಿಡಿಯೋ ರೂಪದಲ್ಲಿ ಬಿಡುಗಡೆಯಾಗುತ್ತವೆ.

ಕೊಂಡಿದ್ದಲ್ಲ, ಬಾಡಿಗೆಗೆ ಪಡೆದದ್ದು

ಚಂದಾ ಕೊಟ್ಟರೆ ಹಾಡು ನಿಮ್ಮದಾಗುವುದಿಲ್ಲ. ‘ಡೌನ್‌ಲೋಡ್’ ಒತ್ತಿದ ಹಾಡು ಕೂಡ ಆ್ಯಪ್‌ನೊಳಗೇ ಇರುತ್ತದೆ, ಚಂದಾ ನಿಂತರೆ ಅದೂ ನಿಲ್ಲುತ್ತದೆ. ಭಾರತದಲ್ಲಿ ರೆಸ್ಸೋ 2024ರ ಜನವರಿಯಲ್ಲಿ ಮುಚ್ಚಿತು. ಅದೇ ವರ್ಷ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ಸೇವೆ ಮುಚ್ಚುವುದಾಗಿ ಪ್ರಕಟಿಸಿತು. ಆ್ಯಪ್ ಹೋದರೆ ವರ್ಷಗಟ್ಟಲೆ ಜೋಡಿಸಿದ ಪಟ್ಟಿಯೂ ಹೋಗಬಹುದು.

ನಾವು ಏನು ಮಾಡಬಹುದು?

- ಆ್ಯಪ್‌ನಲ್ಲಿ ಕೇಳುವುದು ತಪ್ಪೇನಲ್ಲ. ಪೈರಸಿಗಿಂತ ಅದು ಎಷ್ಟೋ ಮೇಲು.
- ನಿಮಗೆ ತುಂಬಾ ಇಷ್ಟವಾದ ಸಣ್ಣ ಕಲಾವಿದರು ಇದ್ದರೆ, ಅವರು ಆಲ್ಬಂ ಮಾರುತ್ತಿದ್ದರೆ ಒಂದು ಕೊಳ್ಳಿ; ಕಛೇರಿಗೆ, ಕಾರ್ಯಕ್ರಮಕ್ಕೆ ಟಿಕೆಟ್ ಪಡೆದು ಹೋಗಿ. ಬ್ಯಾಂಡ್‌ಕ್ಯಾಂಪ್‌ನಂಥ ತಾಣದಲ್ಲಿ ಡಿಜಿಟಲ್ ಆಲ್ಬಂ ಕೊಂಡರೆ ತಾಣ ಇಟ್ಟುಕೊಳ್ಳುವ ಪಾಲು ನೂರಕ್ಕೆ 15.
- ಮುಖ್ಯವೆನಿಸಿದ ಹಾಡುಗಳ ಸ್ವಂತ ಪ್ರತಿ ಇಟ್ಟುಕೊಳ್ಳಿ.
- ‘ದಾಖಲೆ ಮಾರಾಟ’, ‘ಸಂಗೀತ ಉದ್ಯಮದ ಅಂತ್ಯ’ ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ: ಇದು ಯಾವ ವರ್ಷದ, ಯಾವ ದೇಶದ ಲೆಕ್ಕ? ಎಣಿಸಿದ್ದು ಕೊಂಡ ಪ್ರತಿಗಳನ್ನೋ, ಕೇಳಿದ ಸಲಗಳನ್ನೋ? ಇಳಿದದ್ದು ಮಾರಾಟವೋ, ಒಟ್ಟು ಆದಾಯವೋ?

ಈ ಮೂರಕ್ಕೆ ಉತ್ತರ ಇಲ್ಲದ ಸಂದೇಶವನ್ನು ಮುಂದೆ ಕಳಿಸದಿರುವುದೇ ಒಳ್ಳೆಯದು.