ಘಟ್ಟ ಹತ್ತಿ ಇಳಿದ ದ್ರಾಕ್ಷಾರಸ

ಕಲ್ಯಾಣ ಜಂಕ್ಷನ್ನಿನಲ್ಲಿ ರೈಲು ಹಳಿ ಎರಡಾಗಿ ಒಡೆಯುತ್ತದೆ. ಒಂದು ಕರ್ಜತ್ ಮೇಲೆ ಪುಣೆಗೆ, ಅಲ್ಲಿಂದ ಸೊಲ್ಲಾಪುರ, ಕಲಬುರಗಿಗೆ ಹೋಗುತ್ತದೆ. ಠಾಣೆ, ಡೊಂಬಿವಲಿಗಳಲ್ಲಿ ನೆಲೆನಿಂತ ಎಷ್ಟೋ ಕನ್ನಡ ಕುಟುಂಬಗಳಿಗೆ ಅದು ಊರಿನ ದಾರಿ. ಇನ್ನೊಂದು ಹಳಿ ಕಸಾರಾ ಘಟ್ಟ ಹತ್ತಿ ಇಗತ್‌ಪುರಿ, ನಾಸಿಕಕ್ಕೆ ಹೋಗುತ್ತದೆ. ಕಳೆದ ಎರಡು ದಶಕಗಳಲ್ಲಿ ಈ ಎರಡನೆಯ ದಾರಿಗೆ ಹೊಸದೊಂದು ಕೆಲಸ ಬಂದಿದೆ. ಠಾಣೆ, ಕಲ್ಯಾಣ, ನವಿ ಮುಂಬೈಗಳ ಜನ ವಾರದ ಕೊನೆಗೆ ಘಟ್ಟದ ಮೇಲಿನ ವೈನರಿಗಳಿಗೆ ಹೋಗಿ, ದ್ರಾಕ್ಷಿ ತೋಟದ ಅಂಚಿನಲ್ಲಿ ಕುಳಿತು, ನಾಲ್ಕೈದು ಬಗೆಯ ವೈನನ್ನು ಗುಟುಕು ಗುಟುಕಾಗಿ ರುಚಿ ನೋಡಿ ಸಂಜೆಗೆ ಮರಳುತ್ತಾರೆ.

ಇದನ್ನು ಪರದೇಶದಿಂದ ಮೊನ್ನೆ ಬಂದ ಶೋಕಿ ಎನ್ನುವವರುಂಟು. ಆದರೆ ಈ ಕರಾವಳಿಗೆ ವೈನ್ ಹೊಸದಲ್ಲ. ಹೊಸದು, ಅದು ಹರಿಯುವ ದಿಕ್ಕು.

ಕ್ರಿಸ್ತಶಕ ಒಂದನೆಯ ಶತಮಾನದ ನಡುವೆ, ಹೆಸರು ತಿಳಿಯದ ಗ್ರೀಕ್ ಭಾಷಿಕನೊಬ್ಬ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ಎಂಬ ಕೈಪಿಡಿ ಬರೆದ. ಅದರಲ್ಲಿ ‘ಕಲ್ಲಿಯೇನಾ’ ಎಂಬ ಬಂದರಿನ ಹೆಸರಿದೆ. ಅದು ಇಂದಿನ ಕಲ್ಯಾಣ. ಒಂದು ಕಾಲಕ್ಕೆ ಮುಕ್ತ ವ್ಯಾಪಾರದ ಪೇಟೆಯಾಗಿದ್ದ ಅಲ್ಲಿಗೆ ಈಗ ತಡೆ ಬಿದ್ದಿದೆ, ತಪ್ಪಿ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಬಾರಿಗಾಜಾಕ್ಕೆ, ಎಂದರೆ ಭರೂಚಿಗೆ, ಕಳಿಸಲಾಗುತ್ತದೆ ಎಂದು ಆತ ಎಚ್ಚರಿಸುತ್ತಾನೆ. ಭರೂಚಿನಲ್ಲಿ ಇಳಿಯುವ ಸರಕಿನ ಪಟ್ಟಿಯಲ್ಲಿ ವೈನ್ ಇದೆ. ಇಟಲಿಯದಕ್ಕೆ ಮೊದಲ ಮನ್ನಣೆ. ಲವೊಡಿಸಿಯ ಮತ್ತು ಅರೇಬಿಯದ್ದೂ ಬರುತ್ತಿತ್ತು. ಅರಸನಿಗೆಂದು ತರುವ ವಸ್ತುಗಳ ಪಟ್ಟಿ ಬೇರೆಯೇ ಇದೆ. ಅದರಲ್ಲಿ ಬೆಳ್ಳಿ ಪಾತ್ರೆ, ಹಾಡುವ ಹುಡುಗರು, ನವಿರಾದ ಬಟ್ಟೆಗಳ ಜತೆಗೆ ಉತ್ತಮ ದರ್ಜೆಯ ವೈನ್ ಕೂಡ ಸೇರಿದೆ.

ನವಿ ಮುಂಬೈಯ ಎದುರಿಗೆ, ಕೊಲ್ಲಿಯ ನಡುವೆ ಇರುವ ಘಾರಾಪುರಿ, ಎಂದರೆ ಎಲಿಫೆಂಟಾ ದ್ವೀಪದಲ್ಲಿ ಆಂಫೋರಾ ಜಾಡಿಗಳ ಚೂರುಗಳು ಸಿಕ್ಕಿವೆ. ಚೂಪು ತಳದ, ಎರಡು ಹಿಡಿಯ ಈ ಮಣ್ಣಿನ ಜಾಡಿಗಳಲ್ಲಿ ವೈನ್, ಎಣ್ಣೆ, ಮೀನಿನ ರಸಗಳು ಹಡಗೇರಿ ಬರುತ್ತಿದ್ದವು. ಪಶ್ಚಿಮ ಭಾರತದಲ್ಲಿ ರೋಮನ್ ಎಂದುಕೊಂಡಿದ್ದ ಹಲವು ಚೂರುಗಳು ನಿಜಕ್ಕೂ ಮೆಸಪೊಟೇಮಿಯ ಕಡೆಯ, ಒಳಗೆ ಡಾಂಬರು ಬಳಿದ ಜಾಡಿಗಳದ್ದೆಂದು ರಾಬರ್ಟಾ ಟಾಂಬರ್ ಎಂಬ ವಿದ್ವಾಂಸೆ ಗುರುತಿಸಿದರು. ಇಟಲಿಯಿಂದ ಬಂದಿರಲಿ, ಪರ್ಷಿಯನ್ ಕೊಲ್ಲಿಯಿಂದ ಬಂದಿರಲಿ, ಸರಕು ಇಳಿದದ್ದು ಈ ಕಡಲ ತಡಿಯಲ್ಲೇ.

ಕಲ್ಯಾಣದ ಸರಕು ಘಟ್ಟ ಹತ್ತುತ್ತಿದ್ದದ್ದು ನಾಣೇಘಾಟಿನ ಮೂಲಕ. ಶಾತವಾಹನ ರಾಣಿ ನಾಗನಿಕೆಯ ಶಾಸನವಿರುವ ಆ ಕಣಿವೆಯ ತುದಿಯಲ್ಲಿ ದೊಡ್ಡದೊಂದು ಕಲ್ಲಿನ ಹರವಿ ಇಂದಿಗೂ ನಿಂತಿದೆ. ಅದು ಸುಂಕದ ನಾಣ್ಯ ಹಾಕುತ್ತಿದ್ದ ಪಾತ್ರೆ ಎಂಬುದು ಜನರ ನಂಬಿಕೆ. ಘಟ್ಟದ ಮೇಲೆ ಸಿಗುವ ಊರು ಜುನ್ನರ್. ಅಲ್ಲಿನ ಬೌದ್ಧ ಗುಹೆಗಳ ಶಾಸನಗಳಲ್ಲಿ ಯವನ ದಾನಿಗಳ ಹೆಸರುಗಳಿವೆ. ಒಬ್ಬ ನೀರಿನ ತೊಟ್ಟಿಗಳನ್ನು ಕೊಟ್ಟ, ಇನ್ನೊಬ್ಬ ಭಿಕ್ಷುಗಳಿಗೆ ಊಟದ ಮಂಟಪ ಕಟ್ಟಿಸಿದ.

ಈ ವ್ಯಾಪಾರದ ನೆರಳು ಕನ್ನಡದ ಮೇಲೂ ಬಿದ್ದಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನವೊಂದರ ಕಥೆ ಭಾರತದ ಕರಾವಳಿಯಲ್ಲಿ ನಡೆಯುತ್ತದೆ. ಸೆರೆಯಲ್ಲಿರುವ ಕಾರಿಟಿಯಾನ್ ಎಂಬ ಗ್ರೀಕ್ ಯುವತಿಯನ್ನು ಬಿಡಿಸಲು ಬಂದವರು ಅಲ್ಲಿನ ಅರಸನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ವೈನ್ ಕುಡಿಸಿ, ಅಮಲೇರಿಸಿ, ಹಡಗೇರಿ ಪಾರಾಗುತ್ತಾರೆ. ಸ್ಥಳೀಯರ ಬಾಯಲ್ಲಿ ಬರುವ ಮಾತುಗಳು ಕನ್ನಡವೆಂದು ಹುಲ್ಟ್ಜ್ 1904ರಲ್ಲಿ ಸೂಚಿಸಿದರು. ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಈ ಚರ್ಚೆಯನ್ನು ಬೆಳೆಸಿದರು. ಎಲ್ಲ ವಿದ್ವಾಂಸರೂ ಅದನ್ನು ಒಪ್ಪಿಲ್ಲ. ಆದರೆ ನಾಟಕದ ಹೂರಣ ಮಾತ್ರ ಸ್ಪಷ್ಟ: ಗ್ರೀಕರಿಗೆ ವೈನ್ ಎಂದರೆ ನೀರು ಬೆರೆಸಿ, ಅಳತೆಯರಿತು ಕುಡಿಯುವ ಪಾನೀಯ, ಆ ಅಳತೆ ತಿಳಿಯದವನನ್ನು ಮೋಸಗೊಳಿಸುವುದು ಸುಲಭ.

ಎರಡು ಸಾವಿರ ವರ್ಷ ಹಿಂದಿನ ಆ ವೈನ್ ಇಲ್ಲಿ ಸಂಪ್ರದಾಯವಾಗಲಿಲ್ಲ. ಅದು ಬೇರೆಲ್ಲೋ ಹಣ್ಣಾಗಿ, ಬೇರೆಲ್ಲೋ ರಸವಾಗಿ ಬಂದ ಸಿದ್ಧ ಸರಕು. ಹಡಗು ನಿಂತಾಗ ಅದೂ ನಿಂತಿತು. ಉಳಿದದ್ದು ಚೂರುಗಳು.

ದಿಕ್ಕು ತಿರುಗಿದ್ದು 1980ರ ದಶಕದಲ್ಲಿ, ಅದೂ ಜುನ್ನರ್ ಸೀಮೆಯಲ್ಲೇ. ಶಾಮರಾವ್ ಚೌಗುಲೆ ಅವರು ನಾರಾಯಣಗಾಂವ್‌ನಲ್ಲಿ ಫ್ರೆಂಚ್ ತಂತ್ರಜ್ಞಾನದ ನೆರವಿನಿಂದ ನೊರೆವೈನ್ ತಯಾರಿಸಿದರು. ‘ಓಮರ್ ಖಯ್ಯಾಮ್’ ಎಂಬ ಹೆಸರಿನಲ್ಲಿ ಅದು ಹೊರದೇಶಗಳಿಗೆ ಹೋಯಿತು. ಯವನರ ಸರಕು ಹತ್ತಿದ ಸೀಮೆಯಿಂದಲೇ ದ್ರಾಕ್ಷಾರಸ ಘಟ್ಟ ಇಳಿದು ಕಡಲ ದಾಟಿತು. 1988ರಲ್ಲಿ ಕನ್ವಲ್ ಗ್ರೋವರ್ ನಂದಿಬೆಟ್ಟದ ತಪ್ಪಲಿನಲ್ಲಿ ಫ್ರೆಂಚ್ ತಳಿಗಳ ತೋಟ ಆರಂಭಿಸಿದರು. ಬಳಿಕ, 2012ರಲ್ಲಿ, ಆ ಸಂಸ್ಥೆ ಇಗತ್‌ಪುರಿ ಕಡೆಯ ವೈನರಿಯೊಂದರೊಡನೆ ಒಂದಾಯಿತು.

ನಾಸಿಕದಲ್ಲಿ ಆಗ ಬೆಳೆಯುತ್ತಿದ್ದದ್ದು ಮುಖ್ಯವಾಗಿ ತಿನ್ನುವ ದ್ರಾಕ್ಷಿ. ಅಮೆರಿಕದಿಂದ ಮರಳಿದ ರಾಜೀವ್ ಸಾಮಂತ್ 1990ರ ದಶಕದ ಕೊನೆಯಲ್ಲಿ ಅಲ್ಲಿ ಸುಲಾ ವೈನರಿ ಕಟ್ಟಿದರು. 2001ರಲ್ಲಿ ಮಹಾರಾಷ್ಟ್ರ ಸರಕಾರ ದ್ರಾಕ್ಷಿ ಸಂಸ್ಕರಣಾ ನೀತಿ ತಂದು ಅಬಕಾರಿಯಲ್ಲಿ ರಿಯಾಯಿತಿ ನೀಡಿತು. ವಿಂಚೂರು, ಪಲೂಸ್‌ಗಳಲ್ಲಿ ವೈನ್ ಪಾರ್ಕ್ ಮಾಡಿತು. ಸಣ್ಣಪುಟ್ಟ ವೈನರಿಗಳು ಸಾಲುಸಾಲಾಗಿ ಎದ್ದವು, ಹಲವನ್ನು ಬೆಳೆಗಾರರೇ ಕಟ್ಟಿದರು.

ಏಟು ಬಿದ್ದದ್ದು 2008–09ರಲ್ಲಿ. ಜಾಗತಿಕ ಹಿಂಜರಿತ, ಮುಂಬೈ ದಾಳಿ, ಹೋಟೆಲುಗಳಲ್ಲಿ ಕುಸಿದ ಬೇಡಿಕೆ ಒಟ್ಟಿಗೆ ಬಂದವು. ಹೊಸ ವೈನರಿಗಳ ಪೀಪಾಯಿಗಳು ತುಂಬಿಕೊಂಡೇ ಉಳಿದವು. ವೈನ್ ದ್ರಾಕ್ಷಿ ಸಣ್ಣದು, ಬೀಜದ್ದು, ಸಿಪ್ಪೆ ದಪ್ಪ. ವೈನರಿ ಬೇಡವೆಂದರೆ ಅದನ್ನು ಸಂತೆಯಲ್ಲಿ ಕೇಳುವವರಿಲ್ಲ. ಅನೇಕ ರೈತರು ಬಳ್ಳಿಗಳನ್ನೇ ಕಿತ್ತು ಮತ್ತೆ ತಿನ್ನುವ ದ್ರಾಕ್ಷಿಗೆ ಮರಳಿದರು. ದಾರಿ ತೋರಿದ ನಾರಾಯಣಗಾಂವ್‌ನ ಉದ್ದಿಮೆಯೂ ಸಾಲದಲ್ಲಿ ಮುಳುಗಿತು.

ಉಳಿದ ಸಣ್ಣವರಿಗೆ ಊರುಗೋಲಾದದ್ದು ರುಚಿ ನೋಡುವ ಕೋಣೆ. ಸುಲಾ 2005ರಲ್ಲೇ ಅಂಥದೊಂದನ್ನು ತೆರೆದಿತ್ತು. ಅಂಗಡಿಯ ಕಪಾಟಿನಲ್ಲಿ ಸಣ್ಣ ವೈನರಿಯ ಬಾಟಲಿ ದೊಡ್ಡ ಹೆಸರುಗಳ ಹಿಂದೆ ಮರೆಯಾಗುತ್ತದೆ. ಪ್ರತಿ ರಾಜ್ಯಕ್ಕೂ ಬೇರೆ ಪರವಾನಗಿ, ಬೇರೆ ತೆರಿಗೆ. ತೋಟಕ್ಕೇ ಬಂದ ಅತಿಥಿಗೆ ಮಾತ್ರ ತಯಾರಿಸಿದವರೇ ಸುರಿದು, ವಿವರಿಸಿ, ನೇರವಾಗಿ ಮಾರಬಹುದು. ಗಂಗಾಪುರ ಅಣೆಕಟ್ಟಿನ ಬಳಿಯ ಯಾರ್ಕ್‌ನಂಥ ಕುಟುಂಬದ ವೈನರಿಗೆ ಹೆಸರು ಬಂದದ್ದರಲ್ಲಿ ಇಂಥ ಅತಿಥಿಗಳ ಪಾಲೂ ಇದೆ. 2021ರಲ್ಲಿ ಅದನ್ನು ಸುಲಾ ಕೊಂಡುಕೊಂಡಿತು ಎಂಬುದು ಸಣ್ಣವರ ಬದುಕು ಎಷ್ಟು ಬಿಗಿ ಎಂಬುದಕ್ಕೂ ಸಾಕ್ಷಿ.

2022ರ ಜನವರಿಯಲ್ಲಿ ಸೂಪರ್‌ಮಾರ್ಕೆಟ್‌ಗಳಲ್ಲಿ ವೈನ್ ಮಾರಲು ಮಹಾರಾಷ್ಟ್ರ ಸಂಪುಟ ಒಪ್ಪಿದಾಗ ಬೆಳೆಗಾರರ ಹಿತವನ್ನೇ ಕಾರಣವಾಗಿ ಹೇಳಲಾಯಿತು. ಅಣ್ಣಾ ಹಜಾರೆ ಅವರು ಕುಡಿತ ಹೆಚ್ಚುತ್ತದೆಂದು ವಿರೋಧಿಸಿದರು. ಕುಡಿತದಿಂದ ಮನೆಗಳು ಹಾಳಾದದ್ದನ್ನು ಕಂಡ ಹಳ್ಳಿಗಳಲ್ಲಿ ಆ ಆತಂಕ ಸುಳ್ಳಲ್ಲ. ಬಳ್ಳಿ ಕಿತ್ತ ರೈತನ ನಷ್ಟವೂ ಸುಳ್ಳಲ್ಲ.

ರುಚಿ ನೋಡುವ ಮೇಜು ಈ ಎರಡರ ನಡುವೆ ನಿಂತಿದೆ. ಅಲ್ಲಿ ಲೋಟದ ತಳ ಮುಚ್ಚುವಷ್ಟೇ ಸುರಿಯುತ್ತಾರೆ. ಮೊದಲು ಬಣ್ಣ ನೋಡಬೇಕು, ಲೋಟ ತಿರುವಿ ಮೂಸಬೇಕು, ಆಮೇಲೆ ಗುಟುಕು. ಬೇಡವಾದರೆ ಉಗಿಯಲು ಪಾತ್ರೆ ಇದೆ. ಜನವರಿಯಿಂದ ಮಾರ್ಚ್‌ವರೆಗೆ, ಕೊಯ್ಲಿನ ದಿನಗಳಲ್ಲಿ ಹೋದವರಿಗೆ ಹಣ್ಣಿನ ಬುಟ್ಟಿಯೂ ಕೊಯ್ಯುವ ಕೈಗಳೂ ಕಾಣುತ್ತವೆ. ಆ ಪ್ರಹಸನದ ಅರಸನಿಗೆ ಯಾರೂ ಕಲಿಸದ ಅಳತೆ ಇದು. ಅವನ ಮುಂದಿದ್ದ ವೈನ್ ಯಾವ ತೋಟದ್ದೆಂದು ಅವನಿಗೆ ಗೊತ್ತಿರಲಿಲ್ಲ. ಕಲ್ಯಾಣದಿಂದ ಘಟ್ಟ ಹತ್ತಿ ಬಂದವರಿಗೆ ಅದು ಕಣ್ಣೆದುರಿಗೇ ಇದೆ. ಆ ತೋಟ ಉಳಿದರೆ ವೈನ್ ಈ ಬಾರಿ ಇಲ್ಲಿ ಬೇರು ಬಿಟ್ಟೀತು. ಇಲ್ಲವಾದರೆ ಮತ್ತೆ ಚೂರುಗಳೇ.